ಇದು ‘ಖುಷ್ಕಿ’ಯಲ್ಲ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಎರಡು ವರ್ಷ ಈ ಕಾಯಿಲೆಯನ್ನು ಮುಖದ ಮೇಲೆ ಹೊತ್ತು ತಿರುಗಿದ್ದೇನೆ. ಮಾತನಾಡಲು ಅಷ್ಟೇ ನನ್ನ ಅರ್ಹತೆ.

ಮೂಗಿನ ಎರಡೂ ಪಕ್ಕ, ಹುಬ್ಬಿನಲ್ಲಿ, ಗಡ್ಡದೊಳಗೆ ಚರ್ಮ ಬಿಳಿಚಿಕೊಂಡು ಹೊಟ್ಟು ಏಳತೊಡಗಿತು. ಒಬ್ಬರು ‘ಬರಸ್’, ಅಂದರೆ ತೊನ್ನು ಎಂದರು. ಮತ್ತೊಬ್ಬರು ಅಂಟುರೋಗವೆಂದು ನನ್ನ ಟವೆಲ್ ಬೇರೆ ಇಟ್ಟರು. ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ. ಗಂಡಿನ ಕಡೆಯವರು ಬಂದ ದಿನ ಅಣ್ಣನಾದ ನಾನು ಹಿಂದಿನ ಕೋಣೆಯಲ್ಲಿ ಕುಳಿತಿದ್ದೆ.

ಕೊನೆಗೆ ಚರ್ಮತಜ್ಞರು ನೋಡಿದ ಕೂಡಲೇ ಹೆಸರು ಹೇಳಿದರು: ಸೆಬೊರಿಕ್ ಡರ್ಮಟೈಟಿಸ್. ತಲೆಹೊಟ್ಟಿನ ಅಣ್ಣನೆನ್ನಿ. ಮಲಾಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಎಲ್ಲರ ಚರ್ಮದ ಮೇಲೂ ಇರುತ್ತದೆ, ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತದೆ. ಕೆಲವರ ಚರ್ಮಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಗುರುತಿಸಲು ಮೊದಲು ಜಾಗ ನೋಡಿ. ನೆತ್ತಿ, ಹುಬ್ಬು, ಮೂಗಿನ ಪಕ್ಕದ ಮಡಿಕೆ, ಕಿವಿಯ ಹಿಂದೆ, ಗಡ್ಡ, ಎದೆಯ ನಡುವೆ. ಹೊಟ್ಟು ಸ್ವಲ್ಪ ಹಳದಿ, ಜಿಡ್ಡು ಜಿಡ್ಡು. ಬಿಳಿಯರ ಚರ್ಮದಲ್ಲಿ ಕೆಂಪಗೆ ಕಾಣುವ ಇದು ನಮ್ಮಂಥ ಕಂದು ಚರ್ಮದಲ್ಲಿ ಅನೇಕ ಸಲ ಮಾಸಲು ಬಿಳಿಯಾಗಿ ಕಾಣುತ್ತದೆ. ಗಾಬರಿಯ ಮೂಲ ಅದೇ. ತೊನ್ನಾದರೆ ಬಣ್ಣ ಪೂರ್ತಿ ಹೋಗಿ ಹಾಲಿನಂತಾಗುತ್ತದೆ, ಹೊಟ್ಟು ಇರುವುದಿಲ್ಲ. ಗಜಕರ್ಣ ಸಾಮಾನ್ಯವಾಗಿ ಉಂಗುರದಂತೆ ಹರಡುತ್ತದೆ. ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ಮಾತ್ರ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ; ಕುಷ್ಠವಿದ್ದರೆ ಅಲ್ಲಿ ಉಚಿತವಾಗಿ ಔಷಧ ಸಿಗುತ್ತದೆ.

ಭಾಷೆಯ ಮೇಷ್ಟ್ರಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ತಲೆಹೊಟ್ಟಿಗೆ ‘ಖುಷ್ಕಿ’ ಎನ್ನುತ್ತೇವೆ. ಖುಷ್ಕಿ ಎಂದರೆ ಒಣತನ. ಒಣಗಿದೆ ಎಂದ ಮೇಲೆ ಎಣ್ಣೆ ಹಚ್ಚಬೇಕಲ್ಲವೇ? ಅಮ್ಮ ಪ್ರೀತಿಯಿಂದ ರಾತ್ರಿಯಿಡೀ ಎಣ್ಣೆ ಹಚ್ಚಿದರು, ಆ ಶಿಲೀಂಧ್ರಕ್ಕೆ ಔತಣವಾಯಿತು.

ನನ್ನ ಇನ್ನೊಂದು ತಪ್ಪು, ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದ ಟ್ಯೂಬು. ಮೂರೇ ದಿನದಲ್ಲಿ ಮುಖ ತಿಳಿಯಾಯಿತು, ಬಿಟ್ಟರೆ ಇಮ್ಮಡಿಯಾಗಿ ಬಂತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ವೈದ್ಯರು ಕೊಟ್ಟದ್ದು ಕೀಟೋಕೊನಜೋಲ್ ಶಾಂಪೂ. ವಾರಕ್ಕೆ 2 ಸಲ ತಲೆಗೂ ಗಡ್ಡಕ್ಕೂ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯುವುದು. ಒಂದು ತಿಂಗಳಲ್ಲಿ ಹೊಟ್ಟು ಹೋಯಿತು, ಬಣ್ಣ ಮರಳಲು ಇನ್ನಷ್ಟು ದಿನ ಹಿಡಿಯಿತು. ಬೇರುಸಹಿತ ಹೋಗುವ ಕಾಯಿಲೆಯಲ್ಲ ಇದು. ಚಳಿಗಾಲದಲ್ಲಿ, ನಿದ್ದೆಗೆಟ್ಟು ಉತ್ತರಪತ್ರಿಕೆ ತಿದ್ದುವ ದಿನಗಳಲ್ಲಿ ನನಗೆ ಈಗಲೂ ಇಣುಕುತ್ತದೆ. ಆಗ ಮತ್ತೆ ಶಾಂಪೂ ತೆಗೆಯುತ್ತೇನೆ. ಟವೆಲ್ ಮಾತ್ರ ಎಲ್ಲರ ಜೊತೆ ಒಂದೇ ಹಗ್ಗದ ಮೇಲೆ ಒಣಗುತ್ತದೆ.