ಹೆಸರಿಲ್ಲದ ಡಬ್ಬಿ: ಬಿಡಿಭಾಗ ಮಾರಿದವರ ಹೊಣೆ

ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು ಎನ್ನುವುದು ವಾಡಿಕೆ. ಕೋಟೆಯ ಅವಶೇಷ, ಮಾರ್ಕಂಡೇಯ ಡ್ಯಾಂ ನೋಡಲು ಜನ ಬರುತ್ತಾರೆ. ನಸುಕಿನಲ್ಲಿ ಟೊಮೆಟೊ ಕ್ರೇಟು ಹೇರಿಕೊಂಡು ಬಂಗಾರಪೇಟೆಯ ಮೇಲಿಂದ ಕೋಲಾರದ ಎಪಿಎಂಸಿಗೆ ಓಡುವ ಪಿಕಪ್ ಗಾಡಿಗಳನ್ನು ನೋಡಲು ಯಾರೂ ಬರುವುದಿಲ್ಲ. ಈ ಉಪನ್ಯಾಸ ಆ ಗಾಡಿಗಳ ಕುರಿತದ್ದು. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಗಾಡಿಯ ಮುಂಗಾಲಿಯನ್ನು ಸ್ಟೇರಿಂಗಿನ ಮಾತಿಗೆ ಕಟ್ಟಿಹಾಕುವ ಮೊಳದುದ್ದದ ಟೈ ರಾಡ್ ಕುರಿತದ್ದು.

ಹೊಸದಾಗಿ ಹಾಕಿಸಿದ ಟೈ ರಾಡ್ ತಿಂಗಳೊಳಗೆ ಕಳಚಿಕೊಂಡಿತು, ಗಾಡಿ ಹಳ್ಳಕ್ಕಿಳಿಯಿತು ಎಂದಿಟ್ಟುಕೊಳ್ಳೋಣ. ಮೆಕ್ಯಾನಿಕ್ ಸ್ಪೇರ್ಸ್ ಅಂಗಡಿಯವನ ಕಡೆ ಕೈ ತೋರಿಸುತ್ತಾನೆ. ಅಂಗಡಿಯವನು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗ ಮಾರುಕಟ್ಟೆಯ ಕಡೆ ತೋರಿಸುತ್ತಾನೆ. ಜೆ.ಸಿ. ರಸ್ತೆಯವನು ದೆಹಲಿಯ ಕಾಶ್ಮೀರಿ ಗೇಟ್ ಎನ್ನುತ್ತಾನೆ. ‘ಮಾಲು ಮೇಲಿಂದಲೇ ಹಾಗೆ ಬಂದಿದೆ ಸಾರ್, ನಾವೇನು ಮಾಡೋಣ?’

ಈ ‘ಮೇಲೆ’ ಎನ್ನುವುದು ಎಲ್ಲಿದೆ?

ಬೂದಿಕೋಟೆಗೆ ಹತ್ತಿರದ ಕೆಜಿಎಫ್‌ನಲ್ಲಿ ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಆಳಕ್ಕೆ ಪಂಜರದಲ್ಲಿ ಇಳಿಯುತ್ತಿದ್ದ ಕಾರ್ಮಿಕರ ಜೀವ ಉಕ್ಕಿನ ಹಗ್ಗದ ಮೇಲೆ. ಗಣಿ ಕಾನೂನಿನ ಪ್ರಕಾರ ಆ ಹಗ್ಗ ಎಲ್ಲಿಂದ ಬಂತು, ಎಷ್ಟು ಭಾರ ತಡೆಯುತ್ತದೆ ಎಂಬುದಕ್ಕೆ ಪ್ರಮಾಣಪತ್ರ ಬೇಕು. ತಪಾಸಣೆ ಮಾಡಿದವನು ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸ್ಟೇರಿಂಗ್ ಹಿಡಿದಿದ್ದಾರೆ. ಅವರ ಜೀವ ನಿಂತಿರುವ ಟೈ ರಾಡಿಗೆ ಮಾತ್ರ ಪುಸ್ತಕವಿಲ್ಲ, ಎಷ್ಟೋ ಸಲ ಬಿಲ್ಲೂ ಇಲ್ಲ; ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮೊತ್ತ ಅಷ್ಟೆ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಬೇಕು. ಶೋರೂಮಿನ ಹೊರಗೆ ಸಿಕ್ಕಿದ್ದೆಲ್ಲ ಡೂಪ್ಲಿಕೇಟ್ ಅಲ್ಲ. ಕಾರಿನ ಕಂಪೆನಿಗೆ ಬೇರಿಂಗು, ಬ್ರೇಕು ಒದಗಿಸುವ ಕಾರ್ಖಾನೆಯೇ ಅದೇ ಸರಕನ್ನು ತನ್ನ ಡಬ್ಬಿಯಲ್ಲಿ ಅಗ್ಗಕ್ಕೆ ಮಾರುವುದುಂಟು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದ್ದು, ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಗ್ರಾಹಕರ ಕೈ ಕಟ್ಟಿದ್ದಕ್ಕೆ. ಪ್ರಕರಣ ಮೇಲ್ಮನವಿಗೆ ಹೋಯಿತು, ಆ ಮಾತು ಬೇರೆ. ಹೊರಗಿನ ಅಂಗಡಿ ಇರಬೇಕಾದದ್ದೇ. ಇದ್ದಮೇಲೆ ಹೊಣೆಯೂ ಅದರ ಜೊತೆಗೇ ಇರಬೇಕು.

ಹೊಣೆಯ ಕಥೆಯಲ್ಲಿ ಪ್ರಸಿದ್ಧವಾದ ಮೊಕದ್ದಮೆ ಒಂದು ಗಾಲಿಯದೇ. ಅಮೆರಿಕದಲ್ಲಿ ಮ್ಯಾಕ್‌ಫರ್ಸನ್ ಎಂಬಾತನ ಬ್ಯೂಕ್ ಕಾರಿನ ಮರದ ಗಾಲಿಯ ಅರಗಳು ಪುಡಿಯಾದವು. ಗಾಲಿ ನಾವು ಮಾಡಿದ್ದಲ್ಲ, ಬೇರೆಯವರಿಂದ ಕೊಂಡದ್ದು. ಕಾರನ್ನೂ ಆತನಿಗೆ ಮಾರಿದ್ದು ಡೀಲರ್, ನಾವಲ್ಲ ಎಂದಿತು ಕಂಪೆನಿ. 1916ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದ ನ್ಯಾಯಮೂರ್ತಿ ಕಾರ್ಡೊಜೊ ಅದನ್ನು ಒಪ್ಪಲಿಲ್ಲ. ಪರೀಕ್ಷಿಸಿದ್ದರೆ ದೋಷ ಕಾಣುತ್ತಿತ್ತು, ಪರೀಕ್ಷಿಸಲಿಲ್ಲ ಎಂಬುದೇ ತೀರ್ಪಿನ ತಿರುಳು. ನಮ್ಮ ಕಡೆಯ ರೈತರಿಗೆ ಇದರಲ್ಲಿ ಹೊಸತೇನಿಲ್ಲ. ಎತ್ತಿನ ಗಾಡಿಯ ಗಾಲಿ ಸೀಳಿದರೆ ಅದನ್ನು ಉರುಳಿಸಿಕೊಂಡು ಹೋಗಿ ಬಡಗಿಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಬಾಗಿಲು ಯಾವುದೆಂದು ಗೊತ್ತಿತ್ತು.

ಬಾಗಿಲು ಗೊತ್ತಿಲ್ಲದಾಗ ಏನು? 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಇದಕ್ಕೆ ನೇರ ಉತ್ತರ ಕೊಡುತ್ತದೆ. ಅದರ 86ನೇ ಕಲಂ ತಯಾರಕನಲ್ಲದ ಮಾರಾಟಗಾರನನ್ನೂ ಕೆಲವು ಸಂದರ್ಭಗಳಲ್ಲಿ ಹೊಣೆಗಾರನನ್ನಾಗಿಸುತ್ತದೆ: ಸರಕನ್ನು ಬದಲಾಯಿಸಿದ್ದರೆ, ತನ್ನದೇ ಗ್ಯಾರಂಟಿ ಕೊಟ್ಟಿದ್ದರೆ, ನೋಡಿ ಪರೀಕ್ಷಿಸಬೇಕಾದಲ್ಲಿ ನೋಡದಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ, ತಯಾರಕ ಯಾರೆಂದೇ ತಿಳಿಯದಿದ್ದರೆ. ‘ಮೇಲಿಂದ ಬಂದಿದೆ’ ಎಂದು ಹೇಳಿ ಆ ಮೇಲಿನವನ ಹೆಸರು ಹೇಳಲಾಗದವನು ತಾನೇ ಮೇಲಿನವನಾಗುತ್ತಾನೆ. ಮೆಕ್ಯಾನಿಕ್ ಕೂಡ ಹೊರಗಿಲ್ಲ. 85ನೇ ಕಲಂ ಸೇವೆ ಕೊಟ್ಟವನದು.

ಬಿಲ್ ಕೊಡದಿರುವುದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಬೋರ್ಡಿನ ಅಡಿಯಲ್ಲಿ ದೋಷವಿರುವ ಸರಕನ್ನು ನಿರಾಕರಿಸುವುದೂ ಅಷ್ಟೇ. ಬಿಲ್ಲಿನಲ್ಲಿ ವಾಪಸಾತಿಯ ಅವಧಿ ಇಲ್ಲದಿದ್ದರೆ 30 ದಿನ ಎಂದು ಕಾಯ್ದೆ ಹೇಳುತ್ತದೆ. ಅಂಥ ಬೋರ್ಡು ಈಗಲೂ ಎಷ್ಟೋ ಅಂಗಡಿಗಳಲ್ಲಿ ದೇವರ ಪಟದ ಪಕ್ಕದಲ್ಲೇ ಹೂ ಮುಡಿದು ನಿಂತಿರುತ್ತದೆ.

ಹಳೆಯದಾದ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಈ ಗಾಡಿಗೆ ಸರಿಹೋಗುವ ರಾಡ್ ಕೊಡಿ’ ಎಂದು ಅಂಗಡಿಯವನ ತಿಳಿವಳಿಕೆಯನ್ನು ನಂಬಿ ಕೇಳಿದರೆ, ಅದು ಸರಿಹೋಗುವುದು ಅವನ ಹೊಣೆ. ‘ಇಂಥ ಬ್ರ್ಯಾಂಡಿನದೇ ಕೊಡಿ’ ಎಂದು ಹೆಸರು ಹಿಡಿದು ಕೇಳಿದರೆ ಆ ಹೊಣೆ ಸಡಿಲವಾಗುತ್ತದೆ. ಸರಕು ಮಾರುವ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು ಆಗಲೂ ಉಳಿಯುತ್ತದೆ.

ಗಾಡಿಯವನ ಕಡೆಯಿಂದಲೂ ತೊಡಕುಗಳಿವೆ. ಬಾಡಿಗೆಗೆ ಓಡಿಸುವವನು ‘ಗ್ರಾಹಕ’ನೇ? ತಾನೇ ಓಡಿಸಿ ಹೊಟ್ಟೆ ಹೊರೆಯುವವನಾದರೆ ಹೌದು, ಪೂರ್ತಿ ಇನ್ನೊಬ್ಬನ ಕೈಯಲ್ಲಿ ಓಡಿಸುವವನಾದರೆ ಅಲ್ಲ ಎಂದು ಸುಪ್ರೀಂ ಕೋರ್ಟು 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಆಟೊ, ಕಾರುಗಳ ಉದಾಹರಣೆ ಕೊಟ್ಟೇ ವಿವರಿಸಿದೆ. ಗಾಯ, ಸಾವು, ಚೆಲ್ಲಿದ ಟೊಮೆಟೊ ಇವೆಲ್ಲ ‘ಉತ್ಪನ್ನ ಹೊಣೆ’ಯ, ಅಂದರೆ ದೋಷದ ಸರಕಿನಿಂದಾದ ಹಾನಿಯ ಹೊಣೆಯ, ಲೆಕ್ಕಕ್ಕೆ ಬರುತ್ತವೆ; ಆ ದಿನ ತಪ್ಪಿದ ಒಳ್ಳೆಯ ರೇಟು ಬರುವುದಿಲ್ಲ. ಮುರಿದ ರಾಡಿನ ಬೆಲೆಗೆ ದೋಷಯುಕ್ತ ಸರಕಿನ ಸಾಮಾನ್ಯ ದೂರಿನ ದಾರಿಯಿದೆ. ಇನ್ನು ಓವರ್‌ಲೋಡು: ಸರಕನ್ನು ತಪ್ಪಾಗಿ ಬಳಸಿದ್ದರೆ ಮಾರಾಟಗಾರನಿಗೆ 2019ರ ಕಾಯ್ದೆಯ 87ನೇ ಕಲಂನ ರಕ್ಷಣೆಯಿದೆ. ಅಂಗಡಿಯವನ ವಕೀಲರು ಮೊದಲು ಕೇಳುವುದೇ ಎಷ್ಟು ಕ್ರೇಟು ಇತ್ತು ಎಂದು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮುರಿದ ತುಂಡು. ಗ್ರಾಹಕ ಆಯೋಗ ಅದನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಸಾಮಾನ್ಯವಾಗಿ 45 ದಿನದೊಳಗೆ ವರದಿ ಬರಬೇಕು. ಆದರೆ ಗ್ಯಾರೇಜಿನಲ್ಲಿ ಅದು ಸಂಜೆಗೇ ಗುಜರಿ ಮೂಟೆ ಸೇರಿರುತ್ತದೆ. ಅದನ್ನು ಡಬ್ಬಿಯ ಸಮೇತ ಗೋಣಿಚೀಲದಲ್ಲಿ ಕಟ್ಟಿಟ್ಟವನು ಎರಡು ವರ್ಷದೊಳಗೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡುವ ಅವಕಾಶ ಈಗಿರುವುದರಿಂದ, ಬೂದಿಕೋಟೆಯವನು ಬೆಂಗಳೂರಿಗೆ ಅಲೆಯಬೇಕಿಲ್ಲ, ಜೆ.ಸಿ. ರಸ್ತೆಯವನೇ ಕೋಲಾರಕ್ಕೆ ಬಸ್ಸು ಹತ್ತಬೇಕು.