ದೇವರು ಹತ್ತಿರವಾಗುವ ಠಾವುಗಳು
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಹಗಲೆಲ್ಲ ಗಿರಣಿಯ ಲೆಕ್ಕ ಬರೆದು, ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವವರು. ಆದರೂ ಇಂದಿನ ವಿಷಯ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ದೇವರು ಸರ್ವಾಂತರ್ಯಾಮಿ ಎಂಬುದನ್ನು ಎಲ್ಲರೂ ಒಪ್ಪುತ್ತೇವೆ. ಹಾಗಿದ್ದರೂ ಊರು ಬಿಟ್ಟು ಬಂದ ಅನೇಕರಿಗೆ, ದೇವರು ಊರಿನ ನಾಗಬನದಲ್ಲಿಯೋ ಗ್ರಾಮದೇವತೆಯ ಗುಡಿಯಲ್ಲಿಯೋ ಉಳಿದುಬಿಟ್ಟನೆಂಬ ಕೊರಗು ಇದೆ. ಜಾತ್ರೆಗೆ ರಜೆ ಸಿಗದ ವರ್ಷ ಅದು ಇನ್ನೂ ಹೆಚ್ಚು. ಈ ಕೊರಗನ್ನು ಸ್ವಲ್ಪ ವಿಚಾರಿಸೋಣ.

ಉಡುಪಿಯ ಕನಕನ ಕಿಂಡಿಯ ಹೆಸರು ಕೇಳದವರಿಲ್ಲ. ಗುಡಿಯೊಳಗೆ ಪ್ರವೇಶ ದೊರೆಯದ ಕನಕದಾಸರು ಹಿಂಬದಿಯಲ್ಲಿ ನಿಂತು ಹಾಡಿದಾಗ, ಕೃಷ್ಣನು ಅವರ ಕಡೆಗೆ ತಿರುಗಿದನೆಂದು ಐತಿಹ್ಯ. ಇಂದಿಗೂ ಭಕ್ತರು ಆ ಕಿಂಡಿಯಿಂದಲೂ ದರ್ಶನ ಪಡೆಯುತ್ತಾರೆ. 12ನೆಯ ಶತಮಾನದ ಶರಣರಂತೂ ಇಷ್ಟಲಿಂಗವನ್ನು ಮೈಮೇಲೆ ಧರಿಸಿ, ನಡೆದಲ್ಲಿಗೆಲ್ಲ ದೇವರನ್ನು ಜತೆಗೆ ಕರೆದೊಯ್ದರು. ಊರು ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವುದು?

ನಮ್ಮ ದಹಿಸರದ ನೆರೆಯನ್ನೇ ನೋಡಿ. ಮಂಡಪೇಶ್ವರದ ಗುಹೆ ಬಂಡೆಯಲ್ಲಿ ಕೊರೆದ ಶಿವಾಲಯ. 16ನೆಯ ಶತಮಾನದಲ್ಲಿ ಪೋರ್ತುಗೀಜರು ಅದನ್ನು ಇಗರ್ಜಿಯಾಗಿ ಮಾಡಿಕೊಂಡರು. ಒಂದೆಡೆ ನರ್ತಿಸುವ ಶಿವ, ಇನ್ನೊಂದೆಡೆ ಗೋಡೆಯಲ್ಲಿ ಕೊರೆದ ಶಿಲುಬೆ ಈಗಲೂ ಇವೆ. ರಾಜ್ಯಗಳು ಹೋದವು, ಕೈಮುಗಿಯುವವರು ಇಂದಿಗೂ ಬರುತ್ತಾರೆ. ಗುಡ್ಡದಾಚೆ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಈ ನೆಲದ ಭಕ್ತಿಗೆ ನಾವು ತೀರ ಹೊರಗಿನವರಲ್ಲ.

ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ತಾಳ ಹಿಡಿದು ಭಜನೆ ಮಾಡುವವರನ್ನೂ ಕಂಡಿದ್ದೇವೆ. ಅಷ್ಟು ಹೊತ್ತು ಆ ಡಬ್ಬಿಯೇ ಗುಡಿ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರು ಮಳೆ ಸುರಿಯಿತು. ಗಾಡಿಗಳು ನಿಂತವು, ದಹಿಸರ ನದಿ ಉಕ್ಕಿತು. ಆ ರಾತ್ರಿ ಮುಂಬಯಿಯಲ್ಲಿ ಅಪರಿಚಿತರಿಗೆ ಬಾಗಿಲು ತೆರೆದವರು, ಚಹಾ ಕೊಟ್ಟವರು, ಕೈಹಿಡಿದು ನೀರು ದಾಟಿಸಿದವರು ಎಷ್ಟೋ ಜನ. ಜಾತಿ, ಭಾಷೆ ಯಾರೂ ಕೇಳಲಿಲ್ಲ. ಆದರೆ ನೂರಾರು ಮಂದಿ ಸತ್ತರು. ಅವರ ಮನೆಗಳಲ್ಲಿ ದೇವರು ಹತ್ತಿರವಿದ್ದನೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅಂಥ ಮನೆಗೆ ಉಪದೇಶ ಒಯ್ಯಬಾರದು, ಅನ್ನ ಒಯ್ಯಬೇಕು.

ಕೊನೆಯದಾಗಿ ಒಂದು ವಿನಂತಿ. ಮೆಟ್ಟಿಲಿಳಿಯಲಾರದೆ ಗುಡಿಯನ್ನೂ ಊರನ್ನೂ ಕಾಣದೆ ಕೊಠಡಿಯಲ್ಲೇ ದಿನ ನೂಕುವ ವೃದ್ಧರು ನಮ್ಮ ನೆರೆಯಲ್ಲಿದ್ದಾರೆ. ವಾಚನಾಲಯದ ತರುಣರು ವಾರಕ್ಕೊಮ್ಮೆ ಅವರ ಬಳಿ ಹೋಗಲಿ, ಊರಿನ ಪತ್ರಿಕೆ ಓದಿ ಹೇಳಲಿ, ಅವರು ಕೇಳಿದ ಒಂದು ದೇವರನಾಮ ಹಾಡಲಿ. ಬರುವ ಭಾನುವಾರದಿಂದಲೇ ಹೊರಡೋಣ. ಹೆಸರು ಕೊಡುವವರು ಕೂಟ ಮುಗಿದೊಡನೆ ನಮ್ಮ ಮೇಜಿನ ಬಳಿ ಬರಬೇಕು.