ಬಾಲ ಎತ್ತಿ ನಿಂತ ಏರೋಪ್ಲೇನ್ ಚಿಟ್ಟೆ

ಬೇಸಿಗೆ ರಜೆ ಬಂತಲ್ಲ ಮಕ್ಕಳೇ, ಬನ್ನಿ, ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಹೋಗಿಬರೋಣ. ಯಲಹಂಕದ ಕಡೆಯೂ ಒಂದು ಪುಟ್ಟೇನಹಳ್ಳಿ ಕೆರೆ ಇದೆ. ಅದಲ್ಲ, ಇದು ನಮ್ಮ ಏಳನೇ ಹಂತದ್ದು. 2010ರ ಸುಮಾರಿಗೆ ಅಕ್ಕಪಕ್ಕದ ಮನೆಯವರೇ ಸೇರಿ ಉಳಿಸಿಕೊಂಡ ಕೆರೆ.

ಬೆಳಿಗ್ಗೆ ಇಲ್ಲಿನ ಚಿಟ್ಟೆಗಳು ಎಲೆಯ ಮೇಲೆ ರೆಕ್ಕೆ ಬಿಚ್ಚಿ ಸುಮ್ಮನೆ ಕೂತಿರುತ್ತವೆ. ಸೋಮಾರಿತನ ಅಂದುಕೊಳ್ಳಬೇಡಿ. ನಮ್ಮ ಮೈ ತಾನಾಗಿಯೇ ಬೆಚ್ಚಗಿರುತ್ತದೆ, ಚಿಟ್ಟೆಯದು ಹಾಗಲ್ಲ. ಬಿಸಿಲು ಕಾಯಿಸಿಕೊಂಡ ಮೇಲೆಯೇ ಅದಕ್ಕೆ ಹಾರುವ ಕಸುವು.

ಮಧ್ಯಾಹ್ನವಾದರೆ ಬಿಸಿಲೇ ಹೆಚ್ಚಾಯಿತು! ಆಗ ನೀರಂಚಿನ ಜೊಂಡಿನ ತುದಿ ನೋಡಿ. ಕೆಂಪು ಏರೋಪ್ಲೇನ್ ಚಿಟ್ಟೆಯೊಂದು ಕೂತಿರಬಹುದು. ಪುಸ್ತಕದಲ್ಲಿ ಡ್ರ್ಯಾಗನ್‌ಫ್ಲೈ ಅಂತ ಇರುತ್ತದಲ್ಲ, ಅದೇ. ನಾಲ್ಕೂ ರೆಕ್ಕೆ ಮುಂದಕ್ಕೆ ಬಾಗಿವೆ, ಬಾಲ ಮಾತ್ರ ನೆಟ್ಟಗೆ ಆಕಾಶಕ್ಕೆ. ಬಾಲ ಅನ್ನುತ್ತೇವೆ, ನಿಜಕ್ಕೂ ಅದು ಅದರ ಹೊಟ್ಟೆ. ತಿಂದದ್ದು ಅರಗುವುದು ಅಲ್ಲಿಯೇ. ಹೊಟ್ಟೆಯನ್ನು ಹೀಗೆ ಮೇಲೆತ್ತಿ ನಿಂತಿರುವುದೇಕೆ?

ಒಂದು ಪೆನ್ಸಿಲ್ ತನ್ನಿ. ನಡು ಮಧ್ಯಾಹ್ನ ಅಂಗಳದಲ್ಲಿ ಮಲಗಿಸಿದರೆ ಅದರ ಉದ್ದಕ್ಕೂ ಬಿಸಿಲು ಬೀಳುತ್ತದೆ. ನೆಟ್ಟಗೆ ನಿಲ್ಲಿಸಿ. ಈಗ ಬಿಸಿಲು ಹೆಚ್ಚಾಗಿ ತಾಗುವುದು ತುದಿಗಷ್ಟೇ, ನೆರಳೂ ಚಿಕ್ಕದಾಗುತ್ತದೆ. ಏರೋಪ್ಲೇನ್ ಚಿಟ್ಟೆಯದೂ ಇದೇ ಉಪಾಯ. ತುದಿಯನ್ನು ಸೂರ್ಯನ ಕಡೆ ತಿರುಗಿಸಿಕೊಂಡರೆ ಮೈಮೇಲೆ ಬೀಳುವ ಬಿಸಿಲು ಕಡಿಮೆ, ಮೈ ಕಾಯುವುದೂ ಕಡಿಮೆ.

ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಪೆನ್ಸಿಲ್ಲಿಗೆ ಆಗ ನೆರಳೇ ಕಾಣುವುದಿಲ್ಲ! ಅದು ಶೂನ್ಯ ನೆರಳಿನ ದಿನ. ಮೋಡ ಅಡ್ಡ ಬಾರದಿದ್ದರೆ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನೋಡಬಹುದು.

ಮೈ ತಂಪು ಮಾಡಿಕೊಳ್ಳಲು ಹಕ್ಕಿಗಳಿಗೆ ಬೇರೆ ದಾರಿ. ಮರದ ನೆರಳಲ್ಲಿ ಕೂತ ಕಾಗೆ, ಮೈನಾಗಳು ಕೊಕ್ಕು ತೆರೆದು ಏದುಸಿರು ಬಿಡುವುದನ್ನು ಗಮನಿಸಿ. ಅವಕ್ಕೆ ಬೆವರು ಬರುವುದಿಲ್ಲ. ಬಾಯಿ, ಗಂಟಲಿನ ತೇವ ಉಸಿರಿನ ಜೊತೆ ಆವಿಯಾಗುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ.

ಹೋಗುವಾಗ ಟೋಪಿ, ನೀರು ಇರಲಿ, ದೊಡ್ಡವರೊಬ್ಬರು ಜೊತೆಗಿರಲಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಏರೋಪ್ಲೇನ್ ಚಿಟ್ಟೆ ಹಿಡಿದು ಬಾಲಕ್ಕೆ ದಾರ ಕಟ್ಟುವ ಆಟವೂ ಬೇಡ. ಅದರ ಮರಿಗಳು ಇದೇ ನೀರಿನಲ್ಲಿ ಸೊಳ್ಳೆಮರಿಗಳನ್ನು ತಿಂದು ಬೆಳೆಯುತ್ತವೆ.